ಕಾಯಕದ ಹೊಣೆ ಎಲ್ಲಿಯವರೆಗೆ?

ಕಾಯಕವನ್ನು ಕುರಿತು ನಮ್ಮಲ್ಲಿ ನಡೆಯುವ ಪ್ರವಚನಗಳಲ್ಲಿ ಎರಡು ಮಾತುಗಳು ತಪ್ಪದೆ ಬರುತ್ತವೆ. ದುಡಿಮೆಯು ಸತ್ಯಶುದ್ಧವಾಗಿರಬೇಕೆಂಬುದು ಒಂದು. ಅದರ ಫಲವು ದಾಸೋಹಕ್ಕೆ ಸಲ್ಲಬೇಕೆಂಬುದು ಇನ್ನೊಂದು. ಇವೆರಡನ್ನೂ ಒಪ್ಪಿ ನಡೆಯುವ ಸದ್ಗೃಹಸ್ಥನೊಬ್ಬನನ್ನು, 'ಅಯ್ಯಾ, ನೀನು ಮಾಡಿದ ವಸ್ತು ನಿನ್ನ ಕೈಬಿಟ್ಟು ಹೋದ ಮೇಲೆ ಅದರ ಗತಿಯೇನು? ಮುರಿದರೆ ಅದನ್ನು ಸರಿಪಡಿಸಲು ಬರುವುದೆ? ಕೆಲಸಕ್ಕೆ ಬಾರದಾದಾಗ ಅದು ಯಾರ ಹೊಲದಲ್ಲಿ, ಯಾರ ಹಳ್ಳದಲ್ಲಿ ಬೀಳುವುದು?' ಎಂದು ಕೇಳಿದರೆ, ಅವನು ಬಹುಶಃ 'ಅದು ಕೊಂಡವನ ಪಾಡು' ಎಂದಾನು. ಬಹುಕಾಲ ನಾನೂ ಹಾಗೆಯೇ ಭಾವಿಸಿದ್ದೆನು. ಹಾಗೆ ಭಾವಿಸುವುದು ತಪ್ಪೆಂದು ನನಗೆ ತಿಳಿಸಿದುದು ಗ್ರಂಥವಲ್ಲ, ಊಟದ ತಟ್ಟೆ. ಆ ವೃತ್ತಾಂತವನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ನಮ್ಮ ನೆಲದವರೇ ಆದ ದಂಪತಿಗಳಿಬ್ಬರನ್ನು ಸ್ಮರಿಸುವುದು ಉಚಿತ. ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂಬುದು ಪ್ರಸಿದ್ಧವಾಗಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲೊಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ನಿರಾಶೆಯ, ಎಂದರೆ ಆಸೆಯಿಲ್ಲದಿರುವಿಕೆಯ, ದೃಷ್ಟಾಂತವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಲಕ್ಕಮ್ಮನು ಮಾಡಿದ ಕೆಲಸವನ್ನು ಕೊಂಚ ನಿಧಾನವಾಗಿ ನೋಡಿರಿ. ಅಕ್ಕಿ ಕೈಗೆ ಬಂದೊಡನೆಯೇ ಅದನ್ನು ತನ್ನದೆಂದು ಆಕೆ ಎಣಿಸಲಿಲ್ಲ. ಇದು ಎಲ್ಲಿಂದ ಬಂದಿತು, ನಮ್ಮ ಅಗತ್ಯಕ್ಕೆ ಇಷ್ಟು ಬೇಕೆ, ಉಳಿದುದು ಎಲ್ಲಿಗೆ ಸೇರತಕ್ಕದ್ದು ಎಂಬ ಮೂರು ಪ್ರಶ್ನೆಗಳನ್ನು ಆಕೆಯ ನಡತೆಯೇ ಕೇಳುತ್ತದೆ. ವಸ್ತುವೊಂದರ ಹಿಂದು ಮುಂದುಗಳನ್ನು ನೋಡಿ ಅದನ್ನು ಬರಮಾಡಿಕೊಳ್ಳಬೇಕೋ ಬೇಡವೋ ಎಂದು ನಿರ್ಣಯಿಸುವ ವಿವೇಕವಿದು.

ಇನ್ನು ತಟ್ಟೆಯ ವಿಚಾರ. ನಮ್ಮ ಮಠದ ಜಾತ್ರೆಯ ದಾಸೋಹಕ್ಕೆ ಹಿಂದೆ ಮುತ್ತುಗದ ಎಲೆಯ ಪತ್ರಾವಳಿಗಳು ಬರುತ್ತಿದ್ದುವು. ಮುತ್ತುಗದ ಗಿಡಗಳು ವಿರಳವಾಗಿ, ಎಲೆ ಹಚ್ಚುವ ಕೈಗಳೂ ಕಡಮೆಯಾದ ಮೇಲೆ ಪ್ಲಾಸ್ಟಿಕ್ಕಿನ ತಟ್ಟೆಗಳು ಬಂದುವು. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ನಿಷಿದ್ಧವಾದಾಗ, ಮುಂದಿನ ಜಾತ್ರೆಗೆ ಏನು ಮಾಡಬೇಕೆಂಬ ಪ್ರಶ್ನೆ ಹುಟ್ಟಿತು. ವಿದ್ಯಾವಂತನೆಂದು ನನ್ನನ್ನು ಕೇಳಿದರು. ಕಾಗದವು ಮರದ ಮಗುವಲ್ಲವೆ, ಮಣ್ಣಿಗೆ ಸೇರುತ್ತದೆ, ಕಾಗದದ ತಟ್ಟೆಗಳನ್ನೇ ತರಿಸೋಣವೆಂದು ನಾನು ಧೈರ್ಯವಾಗಿ ಹೇಳಿದೆನು. ಬೆಳ್ಳಿಯಂತೆ ಹೊಳೆಯುವ ತಟ್ಟೆಗಳು ಸಾವಿರಗಟ್ಟಲೆ ಬಂದುವು. ಎಲ್ಲರೂ ಮೆಚ್ಚಿದರು.

ಜಾತ್ರೆ ಮುಗಿದ ಮೂರನೆಯ ದಿನ ಅಡುಗೆಯ ಮನೆಯ ಮುದುಕನು ನನ್ನನ್ನು ಹಿತ್ತಲಿನಾಚೆಯ ಹಳ್ಳದ ದಂಡೆಗೆ ಕರೆದೊಯ್ದನು. ತಟ್ಟೆಗಳ ರಾಶಿಗೆ ಇಟ್ಟ ಬೆಂಕಿಯು ಕಾಗದವನ್ನು ತಿಂದು ಆರಿತ್ತು. ಆದರೆ ತಟ್ಟೆಯ ಮೇಲಿನ ಹೊಳಪಿನ ಪೊರೆಯು ಕರಗಿ ಕಪ್ಪು ಉಂಡೆಗಳಾಗಿ ನೆಲಕ್ಕೆ ಅಂಟಿತ್ತು. ಉಪ್ಪು ಹುಳಿಯ ರುಚಿಗೆ ಬಂದ ದನಗಳು ಸುಡದೆ ಉಳಿದ ತಟ್ಟೆಗಳನ್ನು ಪೊರೆಯೊಡನೆ ಮೆಲ್ಲುತ್ತಿದ್ದುವು. ಮುದುಕನು, "ಮಾಸ್ತರ್ರೇ, ಇದು ಸುಟ್ಟರ ಸುಡವಲ್ದು, ಹುಗದರ ಕೊಳೀವಲ್ದು, ಎಲ್ಲಿಗೆ ಒಯ್ದು ಹಾಕಬೇಕ್ರಿ?" ಎಂದನು. ನನ್ನ ಬಳಿ ಉತ್ತರವಿರಲಿಲ್ಲ. ನಾನು ತಟ್ಟೆಯ ಮುಖವನ್ನು ನೋಡಿದ್ದೆನೇ ಹೊರತು ಅದರ ಹುಟ್ಟನ್ನಾಗಲಿ ಸಾವನ್ನಾಗಲಿ ವಿಚಾರಿಸಿರಲಿಲ್ಲ. ದಾಸೋಹದಲ್ಲಿ ಉಂಡವರು ಸಾವಿರಾರು ಮಂದಿ; ಆ ಪ್ರಸಾದದ ಋಣವನ್ನು ತೀರಿಸಲು ಮೂಕಪ್ರಾಣಿಗಳ ಹೊಟ್ಟೆಯೇ ಬೇಕಾಯಿತು.

ಅಂದಿನಿಂದ ಈ ವಿಷಯದಲ್ಲಿ ಓದತೊಡಗಿದೆನು. ವಸ್ತುಗಳ 'ಜೀವನಚಕ್ರ'ವನ್ನು ಲೆಕ್ಕ ಹಾಕುವ ಶಾಸ್ತ್ರವೊಂದು ಪಶ್ಚಿಮದೇಶಗಳಲ್ಲಿ ಬೆಳೆದಿದೆ. 1969ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿಯು ಪಾನೀಯವನ್ನು ತುಂಬುವ ಪಾತ್ರೆಗಳಲ್ಲಿ ಯಾವುದು ಎಷ್ಟು ಕಚ್ಚಾವಸ್ತುವನ್ನೂ ಇಂಧನವನ್ನೂ ನುಂಗುತ್ತದೆ, ಎಷ್ಟು ಕಶ್ಮಲವನ್ನು ಹೊರಹಾಕುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಎಣಿಸಿ ನೋಡಿಸಿತು. ಈ ಬಗೆಯ ಲೆಕ್ಕಗಳಲ್ಲಿ ಅದು ಮೊದಲಿನದೆಂದು ಹೇಳುತ್ತಾರೆ. 1997ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಇದಕ್ಕೆ 14040 ಎಂಬ ಸಂಖ್ಯೆಯ ನಿಯಮಾವಳಿಯನ್ನೇ ರಚಿಸಿತು. ನೆಲದಿಂದ ಅಗೆಯುವುದು, ಸಾಗಿಸುವುದು, ಮಾಡುವುದು, ಬಳಸುವುದು, ದುರಸ್ತಿ, ಕಡೆಗೆ ವಿಸರ್ಜನೆ, ಇವೆಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ. ವಸ್ತುವನ್ನು ರೂಪಿಸುವವನು ಅದನ್ನು ರೂಪಿಸುವಾಗಲೇ ಇವನ್ನೆಲ್ಲ ಯೋಚಿಸಬೇಕೆಂಬುದು ಇದರ ತಾತ್ಪರ್ಯ. ಏಕೆಂದರೆ ವಸ್ತು ತಯಾರಾದ ಮೇಲೆ ಅದರ ಗತಿಯನ್ನು ಬದಲಿಸುವುದು ಬಹುಮಟ್ಟಿಗೆ ಅಸಾಧ್ಯ. ಕಾಗದಕ್ಕೆ ಪ್ಲಾಸ್ಟಿಕ್ಕಿನ ಪೊರೆಯನ್ನು ಅಂಟಿಸಿದ ಕ್ಷಣದಲ್ಲೇ ನಮ್ಮ ಹಳ್ಳದ ದಂಡೆಯ ಹಣೆಬರೆಹ ಬರೆದುಹೋಗಿತ್ತು.

ಈ ಶಾಸ್ತ್ರದಲ್ಲಿ ನನ್ನನ್ನು ಬಹುವಾಗಿ ಆಕರ್ಷಿಸಿದ ಸೂಕ್ಷ್ಮವೊಂದುಂಟು. ತಟ್ಟೆಯೊಡನೆ ತಟ್ಟೆಯನ್ನು ಹೋಲಿಸತಕ್ಕದ್ದಲ್ಲ. ತಟ್ಟೆಯು ಮಾಡುವ ಸೇವೆಯೊಡನೆ ಸೇವೆಯನ್ನು ಹೋಲಿಸಬೇಕು. ಸಾವಿರ ಊಟಕ್ಕೆ ಸಾವಿರ ಕಾಗದದ ತಟ್ಟೆಗಳು ಬೇಕು. ಒಂದು ಉಕ್ಕಿನ ತಟ್ಟೆಯೇ ಸಾವಿರ ಊಟ ಬಡಿಸೀತು. ಹಾಗೆಂದು ಉಕ್ಕಿನ ತಟ್ಟೆಯು ನಿಷ್ಪಾಪಿಯೆಂದು ತಿಳಿಯಬೇಡಿರಿ. ಅದಿರನ್ನು ಅಗೆದು ಕುಲುಮೆಯಲ್ಲಿ ಕರಗಿಸಿ ಮಾಡಿದ ಆ ತಟ್ಟೆಯು ಹುಟ್ಟುವಾಗಲೇ ದೊಡ್ಡ ಸಾಲವನ್ನು ತಲೆಯ ಮೇಲೆ ಹೊತ್ತು ಬರುತ್ತದೆ. ಮೊದಲನೆಯ ಊಟದ ದಿನ ಕಾಗದದ ತಟ್ಟೆಗಿಂತ ಅದೇ ಹೆಚ್ಚು ಸಾಲಗಾರ. ಊಟದಿಂದ ಊಟಕ್ಕೆ ಆ ಸಾಲವು ಹಂಚಿಹೋಗುತ್ತದೆ. ಆದರೆ ಪ್ರತಿ ಸಲವೂ ತೊಳೆಯುವ ನೀರು ಹೊಸ ಸಾಲ. ಚೈತ್ರ ವೈಶಾಖಗಳಲ್ಲಿ ಕುಡಿಯುವ ನೀರಿಗೇ ಕೊಡಗಳು ಸಾಲುಗಟ್ಟುವ ನಮ್ಮ ಸೀಮೆಯಲ್ಲಿ ಅದನ್ನು ಮರೆಯುವಂತಿಲ್ಲ.

ಹೀಗೆಯೇ ಬಟ್ಟೆಯ ಚೀಲದ ಮಾತು. ಡೆನ್ಮಾರ್ಕ್ ದೇಶದ ಪರಿಸರ ಇಲಾಖೆಯು 2018ರಲ್ಲಿ ಪ್ರಕಟಿಸಿದ ವರದಿಯಂತೆ, ಹತ್ತಿಯ ಹೊಸ ಚೀಲವು ತೆಳುವಾದ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ದೃಷ್ಟಿಯಿಂದ ಮೇಲೆನಿಸಬೇಕಾದರೆ ಕನಿಷ್ಠ 52 ಸಲ ಬಳಕೆಯಾಗಬೇಕು. ನೀರು ಮುಂತಾಗಿ ಎಲ್ಲ ಬಗೆಯ ಹಾನಿಗಳನ್ನೂ ಎಣಿಸಿದರೆ 7,100 ಸಲ. ದಿನಕ್ಕೊಮ್ಮೆಯಂತೆ ಹಿಡಿದರೂ ಇದು ಹತ್ತೊಂಬತ್ತು ವರ್ಷಗಳನ್ನು ಮೀರುತ್ತದೆ! ಹತ್ತಿ ಬೆಳೆಯುವ ರಾಯಚೂರು ಜಿಲ್ಲೆಯ ರೈತನಿಗೆ ಇದರಲ್ಲಿ ಆಶ್ಚರ್ಯವಿಲ್ಲ; ಹತ್ತಿಗೆ ಎಷ್ಟು ಔಷಧ ಹೊಡೆಯಬೇಕೆಂಬುದನ್ನು ಅವನೇ ಬಲ್ಲ. ಆದರೆ ಈ ಲೆಕ್ಕದಲ್ಲಿಯೂ ಒಂದು ಸಂಗತಿ ಬಿಟ್ಟುಹೋಗಿದೆ. ಬೀದಿಯಲ್ಲಿ ಎಸೆದ ಚೀಲದಿಂದಾಗುವ ಹಾನಿಯನ್ನು ಅವರು ಎಣಿಸಲಿಲ್ಲ. ತಮ್ಮ ದೇಶದಲ್ಲಿ ಅದು ನಗಣ್ಯವೆಂದು ಬಿಟ್ಟರು. ಅಲ್ಲಿ ಕಸವನ್ನು ಕುಲುಮೆಗೆ ಹಾಕಿ ಅದರ ಶಾಖವನ್ನೂ ಬಳಸಿಕೊಳ್ಳುತ್ತಾರೆ. ನಮ್ಮಲ್ಲಿ ಅದು ಚರಂಡಿಯನ್ನು ಕಟ್ಟುತ್ತದೆ, ಇಲ್ಲವೆ ಆಕಳ ಹೊಟ್ಟೆಯನ್ನು ಸೇರುತ್ತದೆ. ಆದುದರಿಂದ ಒಂದು ದೇಶದ ಲೆಕ್ಕವನ್ನು ಕಣ್ಣುಮುಚ್ಚಿ ಇನ್ನೊಂದಕ್ಕೆ ಹಚ್ಚುವುದು ಅವಿವೇಕ. ನಮ್ಮ ತಾಯಂದಿರು ಹಳೆಯ ಸೀರೆಯಲ್ಲಿ ಹೊಲಿಯುತ್ತಿದ್ದ ಚೀಲದ ಮಾತೇ ಬೇರೆ. ಆ ಅರಿವೆಯ ಸಾಲವು ಸೀರೆಯಾಗಿದ್ದಾಗಲೇ ತೀರಿರುತ್ತಿತ್ತು. ಸೀರೆ ಕೌದಿಯಾಯಿತು, ಕೌದಿ ಹರಿದು ಒರೆಸುವ ಅರಿವೆಯಾಯಿತು, ಕಡೆಯ ಚಿಂದಿ ದೀವಟಿಗೆಯ ಬತ್ತಿಯಾಗಿ ಉರಿದುಹೋಯಿತು. ಆ ಮನೆಗಳಲ್ಲಿ ಅದನ್ನು ಯಾರೂ ಶಾಸ್ತ್ರವೆಂದು ಕರೆಯಲಿಲ್ಲ.

ಇಲ್ಲಿ ಸಹಜವಾಗಿ ಒಂದು ಸಂದೇಹ ಏಳುತ್ತದೆ. ಬಾಳಿಕೆ ಬರುವಂತೆ ವಸ್ತುವನ್ನು ಮಾಡುವ ಬುದ್ಧಿ ನಮ್ಮ ಹಿರಿಯರಿಗಿದ್ದು ಈಗಿನವರಿಗೆ ಇಲ್ಲದೆ ಹೋಯಿತೆ? ಇದು ಬುದ್ಧಿಯ ಪ್ರಶ್ನೆಯೆಂದು ನನಗೆ ತೋರುವುದಿಲ್ಲ. ನಮ್ಮ ಕಪ್ಪುನೆಲದ ಕುಂಟೆಯನ್ನೇ ತೆಗೆದುಕೊಳ್ಳಿ. ಜಾಲಿಯ ಮರದ ದಿಂಡು, ಅದಕ್ಕೆ ನೆಟ್ಟ ತಾಳುಗಳು, ಕೆಳಗೆ ಕಬ್ಬಿಣದ ಕುಡ. ಕುಡ ಸವೆದರೆ ಕಮ್ಮಾರನು ಕಾಸಿ ಹಣಿದು ಕೊಡುವನು. ತಾಳು ಮುರಿದರೆ ಬಡಿಗನು ತಾಳನ್ನಷ್ಟೇ ಬದಲಿಸುವನು. ಇಡೀ ಕುಂಟೆಯನ್ನು ಎಸೆಯುವ ಪ್ರಸಂಗವೇ ಇಲ್ಲ. ಈ ಬಡಿಗನಿಗೂ ಕಮ್ಮಾರನಿಗೂ ಹಿಂದೆ ರೈತನು ಒಂದೊಂದು ಕೆಲಸಕ್ಕೆ ಇಷ್ಟೆಂದು ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಣದಲ್ಲಿ ಆಯವನ್ನು ಅಳೆದು ಕೊಡುತ್ತಿದ್ದನು. ಕುಂಟೆ ಹತ್ತು ಸಲ ಮುರಿದರೂ ಜೋಳ ಅಷ್ಟೇ, ಮುರಿಯದಿದ್ದರೂ ಅಷ್ಟೇ. ಹಾಗಿದ್ದಲ್ಲಿ ಗಟ್ಟಿಯಾದ ಕುಂಟೆಯನ್ನು ಮಾಡುವುದೇ ಬಡಿಗನಿಗೆ ಲಾಭ. ಇಂದು ಅಂಗಡಿಯವನಿಗೆ ವಸ್ತು ಬೇಗ ಮುರಿಯುವುದೇ ಲಾಭ. ಮಾಡುವವನ ಹಿತವನ್ನು ವಸ್ತುವಿನ ಆಯುಸ್ಸಿಗೆ ಕಟ್ಟಿದ್ದರೋ, ಅದರ ಮರಣಕ್ಕೆ ಕಟ್ಟಿದ್ದರೋ ಎಂಬುದರಿಂದಲೇ ವಸ್ತುವಿನ ರೂಪವು ನಿರ್ಣಯವಾಗುತ್ತದೆ.

ಆದರೆ ಆಯದ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅದು ಜಾತಿಗೆ ಕಟ್ಟಿದ ಪದ್ಧತಿ. ಬಡಿಗನ ಮಗನು ಬಡಿಗನೇ ಆಗಬೇಕು. ಚರ್ಮದ ಮಿಣಿ ಮಾಡಿಕೊಟ್ಟವನು ಕಣದ ಅಂಚಿನಲ್ಲಿ ನಿಂತು, ಎಲ್ಲರದೂ ಆದ ಮೇಲೆ ಉಳಿದುದನ್ನು ಸೆರಗೊಡ್ಡಿ ಪಡೆಯಬೇಕು. ಇದನ್ನು ಶರಣರು ಕಾಯಕವೆಂದು ಒಪ್ಪಲಿಲ್ಲ. ಮಾದಾರ ಚೆನ್ನಯ್ಯನನ್ನೂ ಹರಳಯ್ಯನನ್ನೂ ಅವರು ಸಮಾನಪಂಕ್ತಿಯಲ್ಲಿ ಕೂಡಿಸಿಕೊಂಡರು. ಹೀಗಿರಲು, ವಸ್ತುವು ಬಾಳುವಂತೆ ಮಾಡುವ ಆ ಹಳೆಯ ಏರ್ಪಾಟಿನ ಗುಣವನ್ನು ಅದರ ಅನ್ಯಾಯವಿಲ್ಲದೆ ಪಡೆಯುವುದು ಹೇಗೆಂಬುದು ನಮ್ಮ ಕಾಲದ ಪ್ರಶ್ನೆ. ಮಾರಿದ ಯಂತ್ರದ ದುರಸ್ತಿಯ ಹೊಣೆಯನ್ನೂ, ಹಾಳಾದ ಮೇಲೆ ಹಿಂದಕ್ಕೆ ಪಡೆಯುವ ಹೊಣೆಯನ್ನೂ ತಯಾರಕನಿಗೇ ಹೊರಿಸುವ ಕಾನೂನುಗಳು ಈಗ ನಮ್ಮ ದೇಶದಲ್ಲಿಯೂ ಬರುತ್ತಿರುವುದನ್ನು ನಾನು ಈ ದೃಷ್ಟಿಯಿಂದಲೇ ಸ್ವಾಗತಿಸುತ್ತೇನೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ, ಇತ್ತೀಚೆಗೆ ತಾನೂ ತಾಲ್ಲೂಕು ಕೇಂದ್ರವಾದ ಮಸ್ಕಿ ಸಿಕ್ಕುತ್ತದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ನುಡಿಯುವ ಅಲ್ಲಿಯ ಶಾಸನವು 1915ರಲ್ಲಿ ಬೆಳಕಿಗೆ ಬಂದುದು ಎಲ್ಲರಿಗೂ ತಿಳಿದಿದೆ. ಅದನ್ನು ಕಂಡವನು ಬೀಡನ್ ಎಂಬ ಗಣಿಯ ಎಂಜಿನಿಯರನೆಂಬುದು ಅಷ್ಟಾಗಿ ತಿಳಿದಿಲ್ಲ. 1954ರಲ್ಲಿ ಥಾಪರರು ಅಲ್ಲಿ ಉತ್ಖನನ ನಡೆಸಿದಾಗ ಶಾಸನಕ್ಕಿಂತಲೂ ಹಿಂದಿನ ಜನವಸತಿಯ ಕುರುಹುಗಳು ದೊರೆತುವು. ಅವು ಬಹುವಾಗಿ ಒಡೆದ ಗಡಿಗೆಯ ಚೂರುಗಳು. ಮಣ್ಣಿನದೆಲ್ಲ ಮಣ್ಣಾಗುತ್ತದೆಂದು ಹಗುರವಾಗಿ ಹೇಳುವವರು (ಹೇಳಿದವರಲ್ಲಿ ನಾನೂ ಒಬ್ಬ) ಆ ಚೂರುಗಳನ್ನು ನೋಡಬೇಕು. ಒಮ್ಮೆ ಬೆಂಕಿಯಲ್ಲಿ ಬೆಂದ ಮಣ್ಣು ಎರಡು ಮೂರು ಸಾವಿರ ವರ್ಷ ಕಳೆದರೂ ಮರಳಿ ಮಣ್ಣಾಗಿಲ್ಲ. ಆದರೆ ಅದು ಯಾರಿಗೂ ವಿಷವಾಗಿಲ್ಲ. ಕರಗುವುದೊಂದೇ ಗುಣವಲ್ಲ, ಉಳಿಯುವುದೊಂದೇ ದೋಷವಲ್ಲ. ಉಳಿದುದು ನೆರೆಯವರಿಗೆ ಏನು ಮಾಡುತ್ತದೆಂಬುದನ್ನು ನೋಡಬೇಕಾಗುತ್ತದೆ.

ಅಲ್ಲಿಂದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಪ್ರಾಚೀನರೂ ಅಗೆದು ಬಿಟ್ಟ ಆ ಗಣಿಯಲ್ಲಿ ಇಂದು ಸರಕಾರಿ ಕಂಪನಿಯು ಚಿನ್ನವನ್ನು ತೆಗೆಯುತ್ತಿದೆ. ಒಂದು ಟನ್ ಕಲ್ಲನ್ನು ಪಾತಾಳದಿಂದ ಮೇಲೆತ್ತಿ ಹಿಟ್ಟಾಗಿ ಅರೆದು ಸಯನೈಡ್ ದ್ರಾವಣದಲ್ಲಿ ತೊಳೆದರೆ ಸಿಕ್ಕುವುದು ಕೆಲವೇ ಗ್ರಾಂ ಚಿನ್ನ. 10 ಗ್ರಾಂ ಉಂಗುರವೊಂದು ಬೆರಳಿಗೆ ಬಂದರೆ ಅದರ ಹಿಂದೆ ಹಲವು ಟನ್ ಅರೆದ ಕಲ್ಲು ದಿಬ್ಬವಾಗಿ ಹಟ್ಟಿಯಲ್ಲಿಯೇ ಉಳಿದಿರುತ್ತದೆ. ಮದುವೆಯ ಮನೆಯಲ್ಲಿ ಉಂಗುರವನ್ನು ನೋಡುವವರಿಗೆ ಆ ದಿಬ್ಬ ಕಾಣುವುದಿಲ್ಲ. ಆದರೆ ನೋಡಿರಿ, ಇದೇ ಚಿನ್ನದ ವಿಷಯದಲ್ಲಿ ನಾವು ಎಂತಹ ಜೀವನಚಕ್ರ ಪಂಡಿತರು! ಹರಿದ ಸರವನ್ನು ಎಸೆದವರುಂಟೆ? ಅಕ್ಕಸಾಲಿಗನು ಅರದ ಪುಡಿಯನ್ನೂ ಬಿಡನು. ಅವನ ಅಂಗಡಿಯ ಮುಂದಿನ ಧೂಳನ್ನು ಜಾಲಗಾರರು ಹೊತ್ತೊಯ್ದು ಜಾಲಿಸಿ ಕಣಗಳನ್ನು ಆಯುತ್ತಾರೆ. ಬೆಲೆಯಿದೆಯೆಂದು ಚಿನ್ನದ ಕಣವನ್ನು ಆಯುತ್ತೇವೆ. ಮಾರಯ್ಯನು ಅಕ್ಕಿಯ ಕಾಳನ್ನು ಆಯ್ದುದು ಬೆಲೆಯನ್ನು ನೋಡಿಯೇನು?

ಅಕ್ಕಿಯ ಮಾತು ಬಂದಿತು, ಸಿಂಧನೂರನ್ನು ಬಿಡಲಾಗದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಈ ಸೀಮೆ ಭತ್ತದ ಕಣಜವಾಯಿತು. 100 ಕಿಲೋ ಭತ್ತ ಗಿರಣಿಗೆ ಹೋದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಆ ಹೊಟ್ಟು ಬಾಯ್ಲರಿನಲ್ಲಿ ಉರಿದರೆ ಸುಮಾರು 4 ಕಿಲೋ ಬೂದಿ. ಆ ಬೂದಿಯ ಬಹುಭಾಗ ಸಿಲಿಕ. ಸರಿಯಾಗಿ ಸುಟ್ಟರೆ ಸಿಮೆಂಟಿನೊಡನೆ ಬೆರೆಸಿ ಕಟ್ಟಡಕ್ಕೆ ಬಳಸಬಹುದು, ರಸ್ತೆಯಂಚಿನಲ್ಲಿ ಸುರಿದರೆ ಗಾಳಿಗೆ ಹಾರಿ ಜನರ ಕಣ್ಣಿಗೂ ಎದೆಗೂ ಹೋಗುತ್ತದೆ. ವಸ್ತು ಒಂದೇ, ಗತಿ ಎರಡು. ಇನ್ನು ಆ ನೀರನ್ನು ಕೊಡುವ ಅಣೆಕಟ್ಟೂ ಮನುಷ್ಯನು ಮಾಡಿದ ವಸ್ತುವೇ ಅಲ್ಲವೆ? 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟು ಕೊಚ್ಚಿಹೋದಾಗ ನಮ್ಮ ಊರುಗಳಲ್ಲಿ ನಿದ್ರೆ ಮಾಡಿದವರು ಕಡಮೆ. ನಾಟಿಯಾದ ಭತ್ತದ ನೀರು ಕಣ್ಣೆದುರಿಗೇ ಹೊಳೆಗೆ ಹರಿದುಹೋಗುತ್ತಿತ್ತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ, ತುಂಡು ತುಂಡಾದ ತಾತ್ಕಾಲಿಕ ಗೇಟನ್ನು ಇಳಿಸಿ ತಜ್ಞರೂ ಕೆಲಸಗಾರರೂ ನೀರನ್ನು ಉಳಿಸಿದರು. 1953ರಲ್ಲಿ ನೀರು ನಿಂತ ಅಣೆಕಟ್ಟಿನ ಕಬ್ಬಿಣಕ್ಕೂ ಮುಪ್ಪುಂಟೆಂಬುದು ಅಂದು ನಮಗೆಲ್ಲ ಅರಿವಾಯಿತು. ಕಟ್ಟುವಾಗ ನಾವು ಹಬ್ಬ ಮಾಡುತ್ತೇವೆ, ಕಾಪಾಡುವವನಿಗೆ ಹಾರ ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಬಡವನಿಗೆ ಈ ಲೆಕ್ಕವೆಲ್ಲ ಏಕೆ, ಹೊಟ್ಟೆ ತುಂಬಿದವರ ಚಿಂತೆ ಇದು ಎಂದು ಕೆಲವರು ಆಕ್ಷೇಪಿಸುವರು. ಅಗ್ಗದ ವಸ್ತುವನ್ನು ವರ್ಷಕ್ಕೆ ಮೂರು ಸಲ ಕೊಳ್ಳುವವನು ಬಡವನೇ. ಆ ವಸ್ತುವಿನ ಕಸವು ಬೀಳುವುದೂ ಅವನ ಓಣಿಯಲ್ಲಿಯೇ. ಲೆಕ್ಕವನ್ನು ಹಾಕುವ ಹೊಣೆ ಅವನದಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಅದು ರೂಪಿಸುವವನದು, ಮಾರುವವನದು, ನಮ್ಮಂತೆ ಸಾವಿರಗಟ್ಟಲೆ ಒಮ್ಮೆಲೇ ತರಿಸುವವರದು.

ನಮ್ಮ ಶಾಲೆಯಲ್ಲಿ ಈಗ ಎಂಟನೆಯ ತರಗತಿಯ ಮಕ್ಕಳಿಗೆ ನಾನೊಂದು ಪಾಠವನ್ನು ಕೊಡುತ್ತೇನೆ. ಮನೆಯ ಯಾವುದಾದರೊಂದು ವಸ್ತುವನ್ನು ಆರಿಸಿಕೊಂಡು ಅದರ ಹುಟ್ಟು, ಬಾಳು, ಸಾವುಗಳನ್ನು ವಿಚಾರಿಸಿ ಬರೆಯಬೇಕು. ಕಡೆಯಲ್ಲಿ, ಅದನ್ನು ತಾನೇ ಮಾಡುವುದಾದರೆ ಏನನ್ನು ಬದಲಿಸುವೆನೆಂದು ಹೇಳಬೇಕು. ಕಳೆದ ವರ್ಷ ಒಬ್ಬ ಬಾಲಕಿಯು ಮಠದ ಉಕ್ಕಿನ ತಟ್ಟೆಯನ್ನೇ ಆರಿಸಿಕೊಂಡಳು. ಕಾಗದದ ತಟ್ಟೆಯ ಪ್ರಸಂಗದ ನಂತರ ಭಕ್ತರ ಕಾಣಿಕೆಯಿಂದ ನಾವು 500 ಉಕ್ಕಿನ ತಟ್ಟೆಗಳನ್ನು ಕೊಂಡಿದ್ದೆವು. ಅವು ಜಾತ್ರೆಯಲ್ಲಿಯೂ ಅಮಾವಾಸ್ಯೆಗಳಲ್ಲಿಯೂ ಹೊರಬಂದು, ಉಳಿದ ದಿನಗಳಲ್ಲಿ ಗೋಣಿಯಲ್ಲಿ ಮಲಗಿರುತ್ತಿದ್ದುವು. 'ಹೀಗಾದರೆ ಇವುಗಳ ಸಾಲ ತೀರುವುದು ಯಾವಾಗ?' ಎಂದು ಅವಳು ಬರೆದಿದ್ದಳು. ಊರಿನ ಮದುವೆ, ಮುಂಜಿ, ತಿಥಿಗಳಿಗೆ ಅವನ್ನು ಎರವಲು ಕೊಡಬೇಕು, ಎಣಿಸಿ ಕೊಟ್ಟು ಎಣಿಸಿ ಪಡೆಯಬೇಕು, ಮೊದಲು ಬೂದಿಯಿಂದ ಒರೆಸಿ ಆಮೇಲೆ ತೊಳೆದರೆ ನೀರು ಉಳಿಯುತ್ತದೆ, ತೊಳೆದ ನೀರು ಬಾಳೆಯ ಬುಡಕ್ಕೆ ಹೋಗಬೇಕು. ಇದಿಷ್ಟು ಅವಳ ಸಲಹೆ. ಬೂದಿಯನ್ನು ಅಕ್ಕಿಯ ಗಿರಣಿಯಿಂದ ತರಬಹುದೆಂದೂ ಸೇರಿಸಿದ್ದಳು.

ಅದರಂತೆ ನಡೆಯುತ್ತಿದೆ. ಅಡುಗೆಯ ಮನೆಯ ಮುದುಕನೇ ತಟ್ಟೆಗಳ ಪುಸ್ತಕವನ್ನು ಇಟ್ಟುಕೊಂಡಿದ್ದಾನೆ. ಅವನಿಗೆ ಓದು ಬಾರದು, ಗೆರೆ ಎಳೆದು ಎಣಿಸುತ್ತಾನೆ. ಈ ವರ್ಷದ ಲೆಕ್ಕದಲ್ಲಿ ಹನ್ನೊಂದು ತಟ್ಟೆಗಳು ಹಿಂದಿರುಗಿಲ್ಲ. ಯಾವ ಮನೆಗೆ ಹೋಗಿ ಕೇಳುವುದೆಂದು ನಾನು ಸಂಕೋಚಪಡುತ್ತಿದ್ದರೆ, ಅವನು ಮಾತ್ರ ಬೈಗಾದೊಡನೆ ಕೋಲೂರಿಕೊಂಡು ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಾನೆ.